ಮಲೆನಾಡಿನ ಮನೆಯಲ್ಲಿ ಮೊಬೈಲ್ ಸಿಗ್ನಲ್ ಬಂದು ಹೋಗುತ್ತಿದ್ದರೆ: ದೋಷ ಎಲ್ಲಿದೆಯೆಂದು ಹುಡುಕುವ ಕ್ರಮ

ಸಾಗರ, ಹೊಸನಗರ, ತೀರ್ಥಹಳ್ಳಿ, ಕೊಪ್ಪ, ಸಿದ್ದಾಪುರ, ಯಲ್ಲಾಪುರದ ಕಡೆಯ ತೋಟದ ಮನೆಗಳಲ್ಲಿ ಮೊಬೈಲಿಗೆ ಒಂದು ಗೊತ್ತಾದ ಜಾಗ ಇರುತ್ತದೆ. ಒಬ್ಬರ ಮನೆಯಲ್ಲಿ ಅದು ಜಗಲಿಯ ಕಿಟಕಿಯ ಬಲಮೂಲೆ, ಇನ್ನೊಬ್ಬರಲ್ಲಿ ಅಂಗಳದ ತುದಿಯ ತುಳಸಿಕಟ್ಟೆ, ಮತ್ತೊಬ್ಬರಲ್ಲಿ ಕೊಟ್ಟಿಗೆಯ ಹಿಂದಿನ ಧರೆ. ಅಲ್ಲಿಂದ ಎರಡು ಹೆಜ್ಜೆ ಸರಿದರೆ ಸಾಕು, ಕರೆ ಮಾಡಿದವರಿಗೆ ‘ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂಬ ಮಾತು ಕೇಳಿಸುತ್ತದೆ. ಮನೆಯಲ್ಲಿ ವಯಸ್ಸಾದವರಿದ್ದು, ಮಳೆಗಾಲದ ರಾತ್ರಿ ಆಂಬುಲೆನ್ಸ್ ಕರೆಯಬೇಕಾಗಿ ಬಂದಾಗ ಈ ಎರಡು ಹೆಜ್ಜೆಯ ಅಂತರ ಸಣ್ಣದಲ್ಲ.

‘ರೇಂಜ್ ಇಲ್ಲ’ ಎನ್ನುವುದು ಒಂದೇ ದೂರಿನಂತೆ ಕೇಳಿಸಿದರೂ ಅದರ ಹಿಂದಿನ ದೋಷ ಫೋನಿನಲ್ಲಿರಬಹುದು, ಸಿಮ್‌ನಲ್ಲಿರಬಹುದು, ಮನೆಯ ಗೋಡೆ ಮತ್ತು ಮಾಡಿನಲ್ಲಿರಬಹುದು, ನಡುವೆ ಅಡ್ಡ ನಿಂತ ಗುಡ್ಡದಲ್ಲಿರಬಹುದು, ಟವರಿನಲ್ಲಿರಬಹುದು ಅಥವಾ ಟವರಿನಿಂದ ಆಚೆಗೆ ಹೋಗುವ ಕೇಬಲ್ಲಿನಲ್ಲಿರಬಹುದು. ನಾನು ಕಂಡಂತೆ ಹೆಚ್ಚಿನವರು ಮೊದಲು ಹೊಸ ಫೋನು ಕೊಳ್ಳುತ್ತಾರೆ, ಆಮೇಲೆ ಆನ್‌ಲೈನಿನಲ್ಲಿ ಸಿಗ್ನಲ್ ಹೆಚ್ಚಿಸುವ ಬೂಸ್ಟರ್ ತರಿಸುತ್ತಾರೆ, ಕೊನೆಗೆ ಬೇಸತ್ತು ಕಂಪನಿ ಬದಲಿಸುತ್ತಾರೆ. ದೋಷ ಯಾವ ಕೊಂಡಿಯಲ್ಲಿದೆ ಎಂದು ತಿಳಿಯದೆ ಮಾಡುವ ಈ ಖರ್ಚೆಲ್ಲ ಬಹುಪಾಲು ವ್ಯರ್ಥವಾಗುತ್ತದೆ. ನಿಮಗೆ ಕಾಣುತ್ತಿರುವ ಲಕ್ಷಣ ಯಾವುದೆಂದು ಮೊದಲು ಗುರುತಿಸಿ, ಆ ಭಾಗವನ್ನು ಓದಿ, ಅದರಲ್ಲಿ ಹೇಳಿದ ಪರೀಕ್ಷೆಗಳನ್ನು ಅದೇ ಕ್ರಮದಲ್ಲಿ ಮಾಡುತ್ತ ಬಂದರೆ ದುಡ್ಡು ಬಿಚ್ಚುವ ಮೊದಲೇ ಅರ್ಧ ಕೆಲಸ ಮುಗಿದಿರುತ್ತದೆ.

ಎಲ್ಲಕ್ಕೂ ಮೊದಲು: ಕಡ್ಡಿಗಳನ್ನು ಬಿಟ್ಟು ಅಂಕಿಯನ್ನು ಓದಿ

ಪರದೆಯ ಮೇಲೆ ಕಾಣುವ ಸಿಗ್ನಲ್ ಕಡ್ಡಿಗಳಿಗೆ ಎಲ್ಲ ಕಂಪನಿಗಳೂ ಒಪ್ಪಿದ ಅಳತೆ ಇಲ್ಲ. ಒಂದು ಫೋನ್ ಮೂರು ಕಡ್ಡಿ ತೋರಿಸುವ ಜಾಗದಲ್ಲಿ ಇನ್ನೊಂದು ಒಂದೇ ಕಡ್ಡಿ ತೋರಿಸಬಹುದು, ಎರಡಕ್ಕೂ ಸಿಗುತ್ತಿರುವ ಸಿಗ್ನಲ್ ಒಂದೇ ಆಗಿರಬಹುದು. ಆದ್ದರಿಂದ ಡಿಬಿಎಂ ಎಂಬ ಮಾನದಲ್ಲಿರುವ ಅಂಕಿಯನ್ನೇ ನೋಡಬೇಕು. ಆಂಡ್ರಾಯ್ಡ್ ಫೋನಿನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ಎಂಬ ದಾರಿಯಲ್ಲಿ ಹೋದರೆ ‘ಸಿಗ್ನಲ್ ಸ್ಟ್ರೆಂತ್’ ಎಂಬಲ್ಲಿ ಅದು ಸಿಗುತ್ತದೆ. ಕೆಲವು ಫೋನುಗಳಲ್ಲಿ ‘ಸ್ಟೇಟಸ್’ ಎಂಬ ಒಳಪುಟದಲ್ಲಿ ಅಡಗಿರುತ್ತದೆ. ಐಫೋನಿನಲ್ಲಿ *3001#12345#* ಎಂದು ಡಯಲ್ ಮಾಡಿದರೆ ಪರೀಕ್ಷಾ ಪುಟ ತೆರೆಯುತ್ತದೆ.

ಈ ಅಂಕಿ ಯಾವಾಗಲೂ ಋಣಸಂಖ್ಯೆಯಾಗಿರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಸಿಗ್ನಲ್ ಬಲವಾಗಿದೆ ಎಂದರ್ಥ. 4ಜಿಯಲ್ಲಿ -90 ಅಥವಾ ಅದಕ್ಕಿಂತ ಮೇಲಿದ್ದರೆ ಚೆನ್ನಾಗಿದೆ; -105ರ ತನಕ ಕೆಲಸ ಸಾಗುತ್ತದೆ; -110 ದಾಟಿದರೆ ಮಾತು ತುಂಡಾಗತೊಡಗುತ್ತದೆ; -120ರ ಆಸುಪಾಸಿನಲ್ಲಿ ಫೋನ್ ಟವರನ್ನು ಹಿಡಿದುಕೊಳ್ಳಲು ಒದ್ದಾಡುತ್ತಿರುತ್ತದೆ. ಅಂಕಿ ಹತ್ತು ಕೆಳಗಿಳಿದರೆ ಕೈಗೆ ಬರುವ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದಂತೆ, ಆದ್ದರಿಂದ -100ಕ್ಕೂ -110ಕ್ಕೂ ಇರುವ ವ್ಯತ್ಯಾಸವನ್ನು ಸಣ್ಣದೆಂದು ತಿಳಿಯಬೇಡಿ. 2ಜಿಯ ಅಂಕಿಯನ್ನು 4ಜಿಯ ಅಂಕಿಯ ಪಕ್ಕದಲ್ಲಿಟ್ಟು ಹೋಲಿಸಲೂ ಬಾರದು, ಏಕೆಂದರೆ ಅವನ್ನು ಅಳೆಯುವ ಕ್ರಮವೇ ಬೇರೆ.

ಒಂದು ಹಾಳೆ, ಪೆನ್ಸಿಲ್ ಹಿಡಿದು ಮನೆಯನ್ನೊಮ್ಮೆ ಸುತ್ತಿ ಬನ್ನಿ. ಪ್ರತಿ ಜಾಗದಲ್ಲಿಯೂ ಒಂದು ನಿಮಿಷ ನಿಂತು, ಅಂಕಿ ನೆಲೆಗೊಂಡ ಮೇಲೆ ಬರೆದುಕೊಳ್ಳಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ತಾರಸಿ ಹಾಕಿದ ಅಡುಗೆಮನೆಯಲ್ಲಿ -121, ನಡುಮನೆಯಲ್ಲಿ -116, ಹೆಂಚಿನ ಜಗಲಿಯಲ್ಲಿ -109, ಅಡಿಕೆ ಒಣಗಿಸುವ ಅಂಗಳದ ತುದಿಯಲ್ಲಿ -101 ಬಂತು. ಅಂಗಳದಲ್ಲಿ ಇದ್ದದ್ದರ ನೂರರಲ್ಲಿ ಒಂದು ಪಾಲು ಮಾತ್ರ ಒಲೆಯ ಹತ್ತಿರ ಉಳಿದಿತ್ತು. ಅದುವರೆಗೆ ಟವರನ್ನೇ ಬೈಯುತ್ತಿದ್ದ ನಮಗೆ, ನಷ್ಟದ ದೊಡ್ಡ ಭಾಗ ನಮ್ಮ ಮಾಡಿನ ಕೆಳಗೇ ಆಗುತ್ತಿದೆ ಎಂದು ಗೊತ್ತಾದದ್ದು ಈ ಹಾಳೆಯಿಂದಲೇ. ಈ ಹಾಳೆಯನ್ನು ಎಸೆಯಬೇಡಿ, ಮುಂದೆ ದೂರು ಕೊಡುವಾಗ ಅದು ಬೇಕಾಗುತ್ತದೆ.

ಲಕ್ಷಣ: ಪಕ್ಕದಲ್ಲಿ ಕುಳಿತವರಿಗೆ ಸಿಗ್ನಲ್ ಇದೆ, ನಿಮ್ಮ ಫೋನಿಗೆ ಇಲ್ಲ

ಇಬ್ಬರದೂ ಒಂದೇ ಕಂಪನಿಯ ಸಿಮ್ ಆಗಿದ್ದು, ಒಂದೇ ಜಾಗದಲ್ಲಿ ಅವರ ಫೋನ್ ನಡೆಯುತ್ತಿದ್ದರೆ ಗುಡ್ಡವೂ ಟವರೂ ನಿರ್ದೋಷಿಗಳು. ಏರೋಪ್ಲೇನ್ ಮೋಡನ್ನು ಹಾಕಿ, ಹತ್ತು ಸೆಕೆಂಡು ಬಿಟ್ಟು ತೆಗೆಯಿರಿ, ಆಗದಿದ್ದರೆ ಫೋನನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿರಿ. ದೂರದ ಟವರಿಗೆ ಅಂಟಿಕೊಂಡ ಫೋನ್ ಆಗ ಹೊಸದಾಗಿ ಹುಡುಕಲು ಶುರುಮಾಡುತ್ತದೆ. ನಂತರ ನೆಟ್‌ವರ್ಕ್ ಆಯ್ಕೆ ‘ಆಟೋಮ್ಯಾಟಿಕ್’ ಆಗಿದೆಯೇ ನೋಡಿ. ಮಕ್ಕಳ ಕೈಗೆ ಫೋನ್ ಹೋದ ಮನೆಗಳಲ್ಲಿ ಇದು ತನ್ನಷ್ಟಕ್ಕೆ ‘ಮ್ಯಾನುಯಲ್’ಗೆ ಬದಲಾಗಿರುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಹೊಸ 5ಜಿ ಫೋನಿನವರು ಇನ್ನೊಂದನ್ನು ಗಮನಿಸಬೇಕು. ಪೇಟೆಯಿಂದ ಬರುವ 5ಜಿಯ ಸೆಳಕು ಹಳ್ಳಿಯ ಅಂಚಿನಲ್ಲಿ ಬಹಳ ತೆಳ್ಳಗಿರುತ್ತದೆ, ಫೋನ್ 5ಜಿಗೂ 4ಜಿಗೂ ನಡುವೆ ಓಲಾಡುತ್ತ ಎರಡನ್ನೂ ಸರಿಯಾಗಿ ಬಳಸದೆ ಉಳಿಯುತ್ತದೆ. ‘ಪ್ರಿಫರ್ಡ್ ನೆಟ್‌ವರ್ಕ್’ ಎಂಬಲ್ಲಿ 4ಜಿಯನ್ನು ಆರಿಸಿ ಎರಡು ದಿನ ನೋಡಿ. ಅಷ್ಟರಿಂದಲೇ ತೊಂದರೆ ನಿಂತರೆ ಬೇರೆ ಏನನ್ನೂ ಮಾಡಬೇಕಿಲ್ಲ.

ಇದಾವುದಕ್ಕೂ ಬಗ್ಗದಿದ್ದರೆ ಸಿಮ್ ಅದಲುಬದಲಿನ ಪರೀಕ್ಷೆ ಮಾಡಿ. ನಿಮ್ಮ ಸಿಮ್ಮನ್ನು ಅವರ ಫೋನಿಗೂ ಅವರದನ್ನು ನಿಮ್ಮದಕ್ಕೂ ಹಾಕಿ ನೋಡಿ. ದೋಷ ಸಿಮ್ಮಿನ ಹಿಂದೆ ಹೋದರೆ ಸಿಮ್ ಬದಲಿಸಬೇಕು. ಫೋನಿನಲ್ಲಿಯೇ ಉಳಿದರೆ ಫೋನನ್ನು ನೋಡಬೇಕು. 3ಜಿ ಕಾಲದಲ್ಲಿ ಕೊಂಡ ಸಿಮ್ ಇನ್ನೂ ಬಳಕೆಯಲ್ಲಿದ್ದರೆ ಅದು 4ಜಿಯನ್ನು ಹಿಡಿಯದಿರಬಹುದು, ಮುಖ್ಯವಾಗಿ ಬಿಎಸ್‌ಎನ್‌ಎಲ್‌ನ ಹಳೆಯ ಗ್ರಾಹಕರು ಇದನ್ನು ಮೊದಲು ಪರಿಶೀಲಿಸಬೇಕು. ಅದೇ ಸಂಖ್ಯೆಗೆ ಹೊಸ ಸಿಮ್ ಸಿಗುತ್ತದೆ.

ಫೋನಿಗೂ ಒಂದು ಮಿತಿಯಿದೆ. ನಮ್ಮಲ್ಲಿ 4ಜಿ ಹಲವು ತರಂಗಾಂತರಗಳಲ್ಲಿ (ಫ್ರೀಕ್ವೆನ್ಸಿಗಳಲ್ಲಿ) ಬರುತ್ತದೆ: 850, 900, 1800, 2100, 2300 ಮೆಗಾಹರ್ಟ್ಸ್ ಇತ್ಯಾದಿ. ಬಿಎಸ್‌ಎನ್‌ಎಲ್ 700 ಮೆಗಾಹರ್ಟ್ಸನ್ನೂ 4ಜಿಗೆ ಬಳಸುತ್ತದೆ, ಇದನ್ನು ‘ಬ್ಯಾಂಡ್ 28’ ಎನ್ನುತ್ತಾರೆ. ಕಡಿಮೆ ತರಂಗಾಂತರ ಗುಡ್ಡದ ಅಂಚನ್ನು ಬಳಸಿ ದೂರ ತಲುಪುವುದರಿಂದ ಮಲೆನಾಡಿಗೆ ಇದೇ ಬೇಕಾದದ್ದು, ಆದರೆ ಅಗ್ಗದ ಹಳೆಯ ಫೋನುಗಳಲ್ಲಿ ಹಲವಕ್ಕೆ ಈ ಬ್ಯಾಂಡ್ ಗೊತ್ತಿಲ್ಲ. ಫೋನ್ ಕೊಳ್ಳುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಎಂದು ಕೇಳುವ ಮೊದಲು ಯಾವ ಯಾವ ಬ್ಯಾಂಡ್ ಇದೆ ಎಂದು ಪೆಟ್ಟಿಗೆಯ ಮೇಲೋ ಕಂಪನಿಯ ಪುಟದಲ್ಲೋ ನೋಡಿಕೊಳ್ಳುವುದು ನಮ್ಮ ಕಡೆಯವರಿಗೆ ಹೆಚ್ಚು ಉಪಯೋಗದ ಕೆಲಸ.

ಕೊನೆಯ ಉಪಾಯವೆಂದರೆ ‘ರಿಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. ಇದರಿಂದ ಫೋಟೊ, ಸಂಪರ್ಕ ಸಂಖ್ಯೆಗಳು ಹೋಗುವುದಿಲ್ಲ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳು ಹೋಗುತ್ತವೆ, ಮೊದಲೇ ಬರೆದಿಟ್ಟುಕೊಳ್ಳಿ. ಫೋನ್ ನೀರಿಗೆ ಬಿದ್ದ ಮೇಲೆ ಅಥವಾ ಕಲ್ಲಿನ ಮೇಲೆ ಬಿದ್ದ ಮೇಲೆ ಸಿಗ್ನಲ್ ಕುಗ್ಗಿದ್ದರೆ ಒಳಗಿನ ಆಂಟೆನಾದ ಸಂಪರ್ಕ ಸಡಿಲಾಗಿರಬಹುದು. ಅದನ್ನು ಮನೆಯಲ್ಲಿ ಬಿಚ್ಚದೆ ರಿಪೇರಿಯವರಿಗೆ ಕೊಡಿ, ಬ್ಯಾಟರಿ ಉಬ್ಬಿದ ಫೋನನ್ನಂತೂ ಚಾರ್ಜಿಗೂ ಹಾಕಬೇಡಿ.

ಲಕ್ಷಣ: ಇದ್ದಕ್ಕಿದ್ದಂತೆ ‘ನೋ ಸರ್ವಿಸ್’, ಫೋನ್ ಆರಿಸಿ ಹಚ್ಚಿದರೂ ಬರುತ್ತಿಲ್ಲ

ಇಲ್ಲಿ ತಡಮಾಡಬಾರದು. ಚೆನ್ನಾಗಿ ನಡೆಯುತ್ತಿದ್ದ ಜಾಗದಲ್ಲಿಯೇ ನಿಮ್ಮ ಸಂಖ್ಯೆ ಮಾತ್ರ ಸತ್ತು, ಅದೇ ಕಂಪನಿಯ ಉಳಿದವರ ಫೋನುಗಳು ಓಡುತ್ತಿದ್ದರೆ, ಯಾರೋ ನಿಮ್ಮ ಹೆಸರಿನಲ್ಲಿ ಬದಲಿ ಸಿಮ್ ಪಡೆದಿರುವ ಸಾಧ್ಯತೆಯೂ ಇದೆ. ಬ್ಯಾಂಕಿನ ಒಟಿಪಿಗಳು ಆ ಸಿಮ್ಮಿಗೆ ಹೋಗುತ್ತವೆ. ಬೇರೆಯವರ ಫೋನಿನಿಂದ ಕೂಡಲೇ ಕಂಪನಿಗೆ ಕರೆ ಮಾಡಿ ಸಂಖ್ಯೆಯ ಸ್ಥಿತಿ ಕೇಳಿ, ಬದಲಿ ಸಿಮ್ ಹೋಗಿದೆ ಎಂದು ತಿಳಿದರೆ ಅದನ್ನು ನಿಲ್ಲಿಸುವಂತೆ ಹೇಳಿ, ಬ್ಯಾಂಕಿಗೆ ತಿಳಿಸಿ; ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೆಚ್ಚಿನ ಸಲ ಕಾರಣ ಇಷ್ಟು ಭಯದ್ದಲ್ಲ, ರೀಚಾರ್ಜ್ ಮುಗಿದಿರುತ್ತದೆ ಅಥವಾ ತಿಂಗಳುಗಟ್ಟಲೆ ಬಳಸದ ಎರಡನೆಯ ಸಿಮ್ಮನ್ನು ಕಂಪನಿ ನಿಲ್ಲಿಸಿರುತ್ತದೆ. ಆದರೂ ಮೊದಲ ಅರ್ಧ ಗಂಟೆಯಲ್ಲಿ ಕೇಳಿ ತಿಳಿಯುವುದರಿಂದ ನಷ್ಟವೇನೂ ಇಲ್ಲ.

ಪರದೆಯ ಮೇಲೆ ‘ತುರ್ತು ಕರೆ ಮಾತ್ರ’ ಎಂದಿದ್ದರೆ, ನಿಮ್ಮ ಕಂಪನಿಯ ಟವರ್ ಸಿಗುತ್ತಿಲ್ಲ, ಬೇರೆಯ ಕಂಪನಿಯದು ಸಿಗುತ್ತಿದೆ ಎಂದು ಸಾಮಾನ್ಯವಾಗಿ ಅರ್ಥ. ಆ ಸ್ಥಿತಿಯಲ್ಲಿ 112ಕ್ಕೆ ಮಾಡಿದ ಕರೆ ಸಿಕ್ಕಿದ ಟವರಿನ ಮೂಲಕವೇ ಹೋಗಬಲ್ಲದು. ಮನೆಯ ಹಿರಿಯರಿಗೂ ಮಕ್ಕಳಿಗೂ ಇದನ್ನು ಹೇಳಿಟ್ಟಿರಬೇಕು.

ಲಕ್ಷಣ: ಅಂಗಳದಲ್ಲಿ ಸಿಗ್ನಲ್ ಇದೆ, ಒಳಗೆ ಬಂದರೆ ಮಾಯ

ಹಾಳೆಯಲ್ಲಿ ಹೊರಗಿನ ಅಂಕಿ -105ಕ್ಕಿಂತ ಮೇಲಿದ್ದು ಒಳಗಿನದು ಹದಿನೈದು ಇಪ್ಪತ್ತು ಕೆಳಗಿದ್ದರೆ ದೋಷ ಮನೆಯದು. ತಗಡಿನ ಮಾಡು ಸಿಗ್ನಲ್ಲಿಗೆ ಕನ್ನಡಿಯಿದ್ದಂತೆ, ಬಂದದ್ದನ್ನು ಬಂದ ಹಾಗೆಯೇ ತಿರುಗಿಸಿ ಕಳಿಸುತ್ತದೆ. ಕಬ್ಬಿಣದ ಸರಳಿನ ತಾರಸಿ, ದಪ್ಪ ಜಂಬಿಟ್ಟಿಗೆ ಗೋಡೆ ಬಹಳಷ್ಟನ್ನು ನುಂಗುತ್ತವೆ, ಮಳೆಗಾಲದಲ್ಲಿ ನೀರು ಕುಡಿದ ಜಂಬಿಟ್ಟಿಗೆ ಇನ್ನೂ ಹೆಚ್ಚು ನುಂಗುತ್ತದೆ. ಒಣಗಿದ ಹೆಂಚು ಮತ್ತು ಮರದ ಕಿಟಕಿ ಅಷ್ಟಾಗಿ ತಡೆಯುವುದಿಲ್ಲ. ಹಂಚಿನ ಮಾಡನ್ನು ತೆಗೆದು ತಗಡು ಹೊದಿಸಿದ ವರ್ಷವೇ ‘ಟವರ್ ಹಾಳಾಯಿತು’ ಎನ್ನುವ ಮನೆಗಳಿವೆ. ಟವರಿಗೆ ಏನೂ ಆಗಿರುವುದಿಲ್ಲ.

ಖರ್ಚಿಲ್ಲದ ಉಪಾಯವೆಂದರೆ ಟವರಿನ ಕಡೆಗೆ ಮುಖ ಮಾಡಿದ ಕಿಟಕಿಯ ಬಳಿ ಫೋನಿಟ್ಟು, ಬ್ಲೂಟೂತ್ ಅಥವಾ ತಂತಿಯ ಇಯರ್‌ಫೋನಿನಲ್ಲಿ ಮಾತನಾಡುವುದು. ಕೈ ಮತ್ತು ತಲೆಯೂ ಸಿಗ್ನಲನ್ನು ತಡೆಯುವುದರಿಂದ ಅಂಚಿನಲ್ಲಿರುವ ಕರೆ ಇಷ್ಟರಿಂದಲೇ ಉಳಿಯಬಹುದು. ಲೋಹದ ಕವರ್ ಇದ್ದರೆ ತೆಗೆಯಿರಿ. ಫೋನನ್ನು ಕಿಟಕಿಯಲ್ಲಿಟ್ಟು ಹಾಟ್‌ಸ್ಪಾಟ್ ಹಾಕಿದರೆ ಒಳಕೋಣೆಯಲ್ಲಿ ಇನ್ನೊಂದು ಫೋನಿಗೆ ಇಂಟರ್ನೆಟ್ ಸಿಗುತ್ತದೆ.

ಮನೆಗೆ ಫೈಬರ್ ಇಂಟರ್ನೆಟ್ ಬಂದಿದ್ದರೆ ಮಾತಿನ ಸಮಸ್ಯೆ ಹೆಚ್ಚುಕಡಿಮೆ ಮುಗಿದಂತೆಯೇ. ಏರ್‌ಟೆಲ್ 2019ರ ಡಿಸೆಂಬರಿನಲ್ಲಿಯೂ ಜಿಯೋ 2020ರ ಜನವರಿಯಲ್ಲಿಯೂ ವೈಫೈ ಕಾಲಿಂಗ್ ಆರಂಭಿಸಿದವು. ಸೆಟ್ಟಿಂಗ್ಸಿನಲ್ಲಿ ‘ವೈಫೈ ಕಾಲಿಂಗ್’ ಒತ್ತಿದರೆ ನಿಮ್ಮದೇ ಸಂಖ್ಯೆಯ ಕರೆಗಳು ಟವರಿನ ಬದಲು ವೈಫೈ ಮೂಲಕ ಬರುತ್ತವೆ. ಕರೆ ಮಾಡಿದವರಿಗೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಎಷ್ಟೋ ಮನೆಗಳಲ್ಲಿ ವೈಫೈ ಓಡುತ್ತಿದ್ದರೂ ಈ ಒಂದು ಗುಂಡಿ ಒತ್ತದೆ ಅಂಗಳಕ್ಕೆ ಓಡಾಡುತ್ತಿರುತ್ತಾರೆ, ನೋಡಿದರೆ ಸಂಕಟವಾಗುತ್ತದೆ. ಕರೆಂಟು ಹೋದಾಗ ರೌಟರ್ ನಿಲ್ಲುವುದರಿಂದ ರೌಟರಿಗೂ ಫೈಬರ್ ಪೆಟ್ಟಿಗೆಗೂ ಒಂದು ಸಣ್ಣ ಯುಪಿಎಸ್ ಇಡಿ.

ಬೂಸ್ಟರ್ ವಿಚಾರದಲ್ಲಿ ಸ್ಪಷ್ಟವಾಗಿ ಹೇಳಬೇಕು. ಕಂಪನಿಯ ಅನುಮತಿಯಿಲ್ಲದೆ ಸಿಗ್ನಲ್ ಬೂಸ್ಟರ್ ಅಥವಾ ರಿಪೀಟರ್ ಮಾರುವುದು, ಇಟ್ಟುಕೊಳ್ಳುವುದು, ಬಳಸುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ. ಕಾನೂನಿನ ಮಾತು ಹಾಗಿರಲಿ, ನೆರೆಯವರಿಗೂ ಅದರಿಂದ ಹಾನಿಯಿದೆ. ಕಳಪೆ ಬೂಸ್ಟರ್ ಸಿಗ್ನಲ್ಲಿನ ಜತೆ ಗದ್ದಲವನ್ನೂ ಎತ್ತಿ ಟವರಿನ ಕಿವಿಗೆ ಕೂಗುತ್ತದೆ. ಆ ಗದ್ದಲದಲ್ಲಿ ಟವರಿಗೆ ದೂರದ ದುರ್ಬಲ ಫೋನುಗಳು ಕೇಳಿಸುವುದಿಲ್ಲ. ಒಂದು ಮನೆಯ ಅನುಕೂಲಕ್ಕೆ ಇಡೀ ಕೇರಿಯ ಕರೆ ತುಂಡಾಗಬಹುದು. ಊರಿನಲ್ಲಿ ಒಂದು ದಿನದಿಂದ ಎಲ್ಲರ ಕರೆಯೂ ಕೆಟ್ಟಿದ್ದರೆ, ಯಾರ ಮನೆಯ ಮೇಲಾದರೂ ಹೊಸ ಆಂಟೆನಾ ಎದ್ದಿದೆಯೇ ಎಂದು ನೋಡಿ, ಸಮಾಧಾನದಲ್ಲಿ ಮಾತನಾಡಿ.

ಕಾನೂನಿಗೆ ಒಳಪಟ್ಟ ದಾರಿ ಬೇರೆಯಿದೆ. ಸಿಮ್ ಹಾಕುವ 4ಜಿ ರೌಟರುಗಳಲ್ಲಿ ಹೊರ ಆಂಟೆನಾ ಜೋಡಿಸಲು ಜಾಗವಿರುವ ಮಾದರಿಗಳಿವೆ. ರೌಟರ್ ತಾನೇ ಒಂದು ಫೋನಿನಂತೆ ಟವರಿನೊಡನೆ ಮಾತನಾಡುತ್ತದೆ, ಯಾರ ಸಿಗ್ನಲನ್ನೂ ಎತ್ತಿ ಬಿಸಾಡುವುದಿಲ್ಲ. ಆಂಟೆನಾದಿಂದ ರೌಟರಿಗೆ ಬರುವ ಕೇಬಲ್ ಆದಷ್ಟು ಗಿಡ್ಡವಿರಬೇಕು. ಹತ್ತು ಮೀಟರಿನ ತೆಳು ಕೇಬಲ್ ಹಾಕಿದರೆ ಆಂಟೆನಾದಿಂದ ಗಳಿಸಿದ್ದೆಲ್ಲ ದಾರಿಯಲ್ಲಿಯೇ ಸೋರಿ ಹೋಗುತ್ತದೆ. ಪಾಚಿ ಕಟ್ಟಿದ ಹೆಂಚಿನ ಮೇಲೆ, ಒದ್ದೆ ತಗಡಿನ ಮೇಲೆ ನೀವೇ ಹತ್ತಬೇಡಿ. ಆಂಟೆನಾ ನಿಲ್ಲಿಸುವ ಕಬ್ಬಿಣದ ಪೈಪು ಬಿದ್ದರೂ ವಿದ್ಯುತ್ ತಂತಿಗೆ ತಾಗದಷ್ಟು ದೂರವಿರಬೇಕು. ಸಿಡಿಲಿನ ನಾಡಾದ್ದರಿಂದ ಪೈಪಿಗೆ ಅರ್ಥಿಂಗ್ ಮಾಡಿಸುವುದನ್ನು ಎಲೆಕ್ಟ್ರಿಷಿಯನ್ನರಿಗೇ ಬಿಡಿ.

ಲಕ್ಷಣ: ಅವರ ಮಾತು ನಮಗೆ ಕೇಳುತ್ತದೆ, ನಮ್ಮದು ಅವರಿಗೆ ಕೇಳುವುದಿಲ್ಲ

ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಕೂಗುತ್ತದೆ. 4ಜಿ ಫೋನ್ ಉತ್ತರ ಕೊಡುವುದು ಹೆಚ್ಚೆಂದರೆ ಸುಮಾರು 0.2 ವ್ಯಾಟ್‌ನಲ್ಲಿ. ಆಚೆ ಗುಡ್ಡದಿಂದ ಮೈಕಿನಲ್ಲಿ ಕರೆದವರಿಗೆ ಈಚೆಯಿಂದ ಬರಿ ಬಾಯಲ್ಲಿ ‘ಓ’ ಎಂದಂತೆ ಇದು. ಕಡ್ಡಿಗಳು ತೋರಿಸುವುದು ಟವರಿನ ಕೂಗು ನಮಗೆ ಎಷ್ಟು ಕೇಳಿಸುತ್ತಿದೆ ಎಂಬುದನ್ನೇ ಹೊರತು ನಮ್ಮದು ಅಲ್ಲಿಗೆ ಮುಟ್ಟುತ್ತಿದೆಯೇ ಎಂಬುದನ್ನಲ್ಲ. ಆದ್ದರಿಂದ ಎರಡು ಕಡ್ಡಿ ಇದ್ದೂ ಮಾತು ಒಂದೇ ಕಡೆಯಾಗುತ್ತಿದ್ದರೆ ಅದು ಟವರಿನ ವ್ಯಾಪ್ತಿಯ ಅಂಚಿನ ಲಕ್ಷಣ. ಇಂಥ ಜಾಗದಲ್ಲಿ ಫೋನ್ ತನ್ನ ಪೂರ್ತಿ ಶಕ್ತಿ ಹಾಕಿ ಕೂಗುತ್ತಿರುವುದರಿಂದ ಬಿಸಿಯಾಗುತ್ತದೆ, ಬೆಳಗ್ಗೆ ತುಂಬಿದ ಚಾರ್ಜು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಬ್ಯಾಟರಿ ಕೆಟ್ಟಿತೆಂದು ಬದಲಿಸುವ ಮೊದಲು ಒಂದು ದಿನ ಪೇಟೆಯಲ್ಲಿದ್ದು ನೋಡಿ. ಅಲ್ಲಿ ಚಾರ್ಜು ನಿಂತರೆ ಬ್ಯಾಟರಿಯ ತಪ್ಪಲ್ಲ.

ಮೊದಲು ಮೈಕಿನ ಸಣ್ಣ ರಂಧ್ರದಲ್ಲಿ ಧೂಳು, ಅಡಿಕೆ ಚೊಗರು ಸೇರಿದೆಯೇ ನೋಡಿ. ವಾಟ್ಸಾಪಿನಲ್ಲಿ ಧ್ವನಿಸಂದೇಶ ಮುದ್ರಿಸಿ ಕೇಳಿದರೆ ಮೈಕ್ ಸರಿಯಿದೆಯೇ ಎಂದು ಗೊತ್ತಾಗುತ್ತದೆ. ಮೈಕ್ ಸರಿಯಿದ್ದರೆ ಮಾತನಾಡುವ ಜಾಗವನ್ನು ಹಾಳೆಯಲ್ಲಿ ಅತಿ ಒಳ್ಳೆಯ ಅಂಕಿ ಬಂದ ಕಡೆಗೆ ಬದಲಿಸಿ.

ಇಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಟವರಿನ ವಿಕಿರಣಕ್ಕೆ ಹೆದರಿ ಊರಿಗೆ ಬಂದ ಟವರನ್ನು ಬೇಡವೆಂದವರನ್ನು ಕಂಡಿದ್ದೇನೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ ಟವರಿನ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದು ಭಾಗಕ್ಕೆ ಇಳಿಸಲಾಗಿದೆ. ಟವರ್ ದೂರವಾದಷ್ಟೂ ಕಿವಿಗೆ ಒತ್ತಿ ಹಿಡಿದ ಫೋನೇ ಹೆಚ್ಚು ಶಕ್ತಿ ಹೊರಸೂಸುತ್ತದೆ. ನಿಮ್ಮ ಸುತ್ತಲಿನ ಟವರುಗಳು ಮಿತಿಯೊಳಗಿವೆಯೇ ಎಂಬುದನ್ನು ದೂರಸಂಪರ್ಕ ಇಲಾಖೆಯ ‘ತರಂಗ್ ಸಂಚಾರ್’ ಜಾಲತಾಣದಲ್ಲಿ ನೋಡಬಹುದು.

ಲಕ್ಷಣ: ಕಡ್ಡಿ ತುಂಬಿದೆ, ಇಂಟರ್ನೆಟ್ ನಡೆಯುವುದಿಲ್ಲ

ದಿನದ ಡೇಟಾ ಮಿತಿ ಮುಗಿದಿದೆಯೇ ಎಂದು ಮೊದಲು ನೋಡಿ, ಮುಗಿದ ಮೇಲೆ ಹೆಚ್ಚಿನ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಎರಡು ಸಿಮ್ ಇದ್ದರೆ ಡೇಟಾ ಯಾವ ಸಿಮ್ಮಿನ ಮೇಲಿದೆ ಎಂದು ನೋಡಿ. ಕರೆ ಬಂದ ಕೂಡಲೇ ಇಂಟರ್ನೆಟ್ ನಿಂತು 2ಜಿ ಚಿಹ್ನೆ ಬರುತ್ತಿದ್ದರೆ ವೋಲ್ಟಿ (4ಜಿಯ ಮೇಲೆಯೇ ಕರೆ ಸಾಗಿಸುವ ವ್ಯವಸ್ಥೆ) ಆಫ್ ಆಗಿದೆ ಅಥವಾ ಆ ಜಾಗದಲ್ಲಿ 4ಜಿ ಸಾಲುತ್ತಿಲ್ಲ. ಜಿಯೋಗೆ 2ಜಿ, 3ಜಿ ಇಲ್ಲದ್ದರಿಂದ ಅದರ ಗ್ರಾಹಕರಿಗೆ ವೋಲ್ಟಿ ಇಲ್ಲದೆ ಸಾಮಾನ್ಯ ಕರೆಯೇ ಹೋಗುವುದಿಲ್ಲ.

ಇವೆಲ್ಲ ಸರಿಯಿದ್ದರೆ ಬೆಳಗಿನ ಐದು ಗಂಟೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ವೇಗ ಅಳೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ‘ಮೈಸ್ಪೀಡ್’ ಆ್ಯಪ್ ಇದಕ್ಕೆ ಸಾಕು. ಬೆಳಗ್ಗೆ ಓಡಿ ರಾತ್ರಿ ತೆವಳಿದರೆ ಟವರಿಗೆ ಜನ ಹೆಚ್ಚಾಗಿದ್ದಾರೆ ಎಂದರ್ಥ, ಜಾತ್ರೆಯ ದಿನ ಆಗುವುದೂ ಇದೇ. ದಿನವಿಡೀ ಒಂದೇ ಥರ ನಿಂತುಹೋಗಿದ್ದರೆ ಟವರಿನಿಂದ ಆಚೆಗಿನ ಕೊಂಡಿ ಕಡಿದಿರಬಹುದು. ಎರಡೂ ನಿಮ್ಮ ಕೈಯಲ್ಲಿಲ್ಲ, ಫೋನಿನ ಸೆಟ್ಟಿಂಗ್ ಬದಲಿಸುತ್ತ ಕುಳಿತರೆ ಹೊತ್ತು ಹಾಳು. ಕಾರವಾರ, ಜೋಯಿಡಾದ ಗಡಿಯಲ್ಲಿರುವವರ ಫೋನ್ ಗೋವಾದ ಟವರನ್ನು ಹಿಡಿದು ರೋಮಿಂಗ್ ಸ್ಥಿತಿಗೆ ಹೋಗುವುದುಂಟು. ‘ಡೇಟಾ ರೋಮಿಂಗ್’ ಆಫ್ ಇದ್ದರೆ ಕರೆ ನಡೆದರೂ ಡೇಟಾ ಬರುವುದಿಲ್ಲ.

ಲಕ್ಷಣ: ಕರೆಂಟು ಹೋದರೆ, ಮಳೆ ಹಿಡಿದರೆ ಸಿಗ್ನಲ್ಲೂ ಹೋಗುತ್ತದೆ

ಗಡಿಯಾರ ನೋಡಿ. ಊರಿನ ಕರೆಂಟು ಹೋದ ಕ್ಷಣಕ್ಕೇ ಸಿಗ್ನಲ್ ಹೋದರೆ ಟವರಿನ ಬ್ಯಾಟರಿ ಸತ್ತಿದೆ. ಎರಡು ಮೂರು ಗಂಟೆ ನಿಂತು ಆಮೇಲೆ ಹೋದರೆ ಬ್ಯಾಟರಿ ಇದೆ, ಜನರೇಟರಿಗೆ ಡೀಸೆಲ್ ಹಾಕುವವರಿಲ್ಲ. ಈ ವ್ಯತ್ಯಾಸವನ್ನು ದೂರಿನಲ್ಲಿ ಬರೆದರೆ ಯಾವ ಕೆಲಸದವರನ್ನು ಕಳಿಸಬೇಕೆಂದು ಆಚೆಯವರಿಗೆ ತಿಳಿಯುತ್ತದೆ.

ಮಳೆಯ ವಿಚಾರದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಫೋನ್ ಬಳಸುವ ತರಂಗಾಂತರಗಳಿಗೆ ಮಳೆಹನಿ ದೊಡ್ಡ ಅಡ್ಡಿಯಲ್ಲ. ನೀರು ತುಂಬಿದ ಎಲೆಗಳ ದಟ್ಟ ಕಾಡು ಒಂದಿಷ್ಟು ತಡೆಯುತ್ತದೆ, ಅದು ಜೂನಿನಿಂದ ನಿಧಾನವಾಗಿ ಕಾಣುವ ಇಳಿಕೆ. ಜಡಿಮಳೆಯ ಹೊತ್ತಿಗೆ ಸರಿಯಾಗಿ ಇಂಟರ್ನೆಟ್ ನಿಂತು, ಮಳೆ ಹೊಳವಾದ ಹತ್ತು ನಿಮಿಷಕ್ಕೆ ಬರುತ್ತಿದ್ದರೆ ಕಾರಣ ಬೇರೆ. ಫೈಬರ್ ಇಲ್ಲದ ಟವರುಗಳು ಒಂದಕ್ಕೊಂದು ಮೈಕ್ರೋವೇವ್ ತಟ್ಟೆಗಳ ಮೂಲಕ ಮಾತನಾಡುತ್ತವೆ, ಅವುಗಳ ತರಂಗಾಂತರ ಬಹಳ ಹೆಚ್ಚಿರುವುದರಿಂದ ಆಗುಂಬೆಯಂಥ ಮಳೆ ಅದನ್ನು ಮುಳುಗಿಸಿಬಿಡುತ್ತದೆ. ಆಗ ಫೋನಿನಲ್ಲಿ ಕಡ್ಡಿ ಪೂರ್ತಿ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಮಳೆಗೆ ಧರೆ ಕುಸಿದು ಅಥವಾ ರಸ್ತೆ ಅಗಲಿಸುವ ಜೆಸಿಬಿ ತಾಗಿ ಫೈಬರ್ ತುಂಡಾದರೆ ಒಂದು ದಿನಕ್ಕಿಂತ ಹೆಚ್ಚು ನಿಲ್ಲುತ್ತದೆ, ಅಕ್ಕಪಕ್ಕದ ಹಲವು ಊರುಗಳಲ್ಲಿ ಒಟ್ಟಿಗೇ ನಿಲ್ಲುತ್ತದೆ.

ಟವರಿನ ಬೇಲಿಯೊಳಗೆ ನೀವಾಗಿ ಹೋಗಿ ಜನರೇಟರ್ ಹಚ್ಚುವುದು, ಸ್ವಿಚ್ ಮುಟ್ಟುವುದು ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದು ಪ್ರಾಣಾಪಾಯ. ಗುಡುಗು ಶುರುವಾದರೆ ರೌಟರಿನ ಪ್ಲಗ್ ಕೀಳಿ.

ಲಕ್ಷಣ: ಮನೆಯ ಸುತ್ತ ಎಲ್ಲಿಯೂ ಇಲ್ಲ, ಗುಡ್ಡ ಹತ್ತಿದರೆ ಇದೆ

ಹಾಳೆಯಲ್ಲಿ ಅಂಗಳದ ಅಂಕಿಯೂ -115ಕ್ಕಿಂತ ಕೆಳಗಿದ್ದು, ಗುಡ್ಡದ ನೆತ್ತಿಯಲ್ಲಿ -95 ಬಂದರೆ ನಿಮ್ಮ ಮನೆ ಗುಡ್ಡದ ನೆರಳಿನಲ್ಲಿದೆ. ಸಂಜೆಯ ಬಿಸಿಲು ಗುಡ್ಡದಾಚೆ ಇಳಿದಾಗ ಕಣಿವೆಯಲ್ಲಿ ಬೇಗ ಕತ್ತಲಾಗುವಂತೆಯೇ ಇದು. ಬೆಳಕಿಗಿಂತ ರೇಡಿಯೊ ಅಲೆ ಗುಡ್ಡದಂಚಿನಲ್ಲಿ ಸ್ವಲ್ಪ ಬಾಗುತ್ತದೆ, 700 ಅಥವಾ 900 ಮೆಗಾಹರ್ಟ್ಸಿನದು ಹೆಚ್ಚು, 2300ರದು ಕಡಿಮೆ. ಟವರಿನ ಆಂಟೆನಾಗಳು ಸಾಮಾನ್ಯವಾಗಿ ಮೂರು ದಿಕ್ಕಿಗೆ ಹಂಚಿರುತ್ತವೆ, ಸ್ವಲ್ಪ ಕೆಳಗೆ ಬಾಗಿಸಿರುತ್ತಾರೆ, ಮತ್ತು ರಸ್ತೆ ಹಾಗೂ ಪೇಟೆಯ ಕಡೆಗೆ ಮುಖ ಮಾಡಿರುತ್ತಾರೆ. ಟವರ್ ಕಣ್ಣಿಗೆ ಕಾಣುತ್ತಿದ್ದರೂ ಅದರ ಮುಖ ನಿಮ್ಮ ಕಡೆಗಿಲ್ಲದಿರಬಹುದು. ‘ಟವರ್ ಮೂರೇ ಕಿಲೋಮೀಟರ್’ ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಬಯಲುಸೀಮೆಯಲ್ಲಿ ಹತ್ತು ಕಿಲೋಮೀಟರ್ ದೂರದ ಟವರ್ ಸಿಗುವಾಗ ಇಲ್ಲಿ ಮೂರು ಕಿಲೋಮೀಟರಿನದು ಸಿಗದಿರುವುದು ಸಹಜ.

ಫೋನು ಬದಲಿಸಿ ಪ್ರಯೋಜನವಿಲ್ಲದ ಸ್ಥಿತಿ ಇದು. ಮಾಡಬೇಕಾದದ್ದು, ಉಳಿದ ಕಂಪನಿಗಳ ಟವರ್ ಬೇರೆ ದಿಕ್ಕಿನಲ್ಲಿದೆಯೇ ಎಂದು ತಿಳಿಯುವುದು. ಟ್ರಾಯ್‌ನ 2024ರ ನಿಯಮದಂತೆ ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಯನ್ನು ಜಾಲತಾಣದಲ್ಲಿ ತೋರಿಸಬೇಕು. ನಕ್ಷೆಯನ್ನು ಪೂರ್ತಿ ನಂಬದೆ, ಆ ಕಂಪನಿಯ ಸಿಮ್ ಇರುವ ನೆಂಟರೋ ಅಡಿಕೆ ಕೊನೆಕೊಯ್ಲಿಗೆ ಬಂದವರೋ ಮನೆಯಲ್ಲಿದ್ದಾಗ ಅವರ ಫೋನಿನ ಅಂಕಿಯನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಅದು ಹತ್ತಕ್ಕಿಂತ ಹೆಚ್ಚು ಮೇಲಿದ್ದರೆ ಮಾತ್ರ ಸಂಖ್ಯೆ ಉಳಿಸಿಕೊಂಡು ಕಂಪನಿ ಬದಲಿಸಿ: ಪೋರ್ಟ್ (PORT) ಎಂಬ ಇಂಗ್ಲಿಷ್ ಪದ ಬರೆದು, ಒಂದು ಜಾಗ ಬಿಟ್ಟು, ನಿಮ್ಮ ಸಂಖ್ಯೆ ಹಾಕಿ 1900ಕ್ಕೆ ಸಂದೇಶ ಕಳಿಸಿದರೆ ಕೋಡ್ ಬರುತ್ತದೆ. ಕೇಂದ್ರ ಸರ್ಕಾರದ ಡಿಜಿಟಲ್ ಭಾರತ್ ನಿಧಿಯ ನೆರವಿನಿಂದ ಎದ್ದ 4ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಒಬ್ಬರ ಟವರನ್ನು ಇನ್ನೊಬ್ಬರು ಬಳಸುವ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಗಿದೆ. ಅದರ ಲಾಭ ಸಿಗಬೇಕಾದರೂ ನೆಟ್‌ವರ್ಕ್ ಆಯ್ಕೆ ಆಟೋಮ್ಯಾಟಿಕ್ ಆಗಿಯೇ ಇರಬೇಕು.

2020ರ ಲಾಕ್‌ಡೌನ್ ಕಾಲದಲ್ಲಿ ನಮ್ಮ ಮಕ್ಕಳು ಪಾಠಕ್ಕಾಗಿ ಗುಡ್ಡದ ಮೇಲೆ ಟಾರ್ಪಾಲಿನಡಿ ಕುಳಿತದ್ದನ್ನು ಯಾರೂ ಮರೆತಿಲ್ಲ. ಹಾಗೆ ಹತ್ತಲೇಬೇಕಾಗಿ ಬಂದರೆ ಎಪ್ರಿಲ್, ಮೇ ತಿಂಗಳ ಮಧ್ಯಾಹ್ನದ ನಂತರ ಹತ್ತಬೇಡಿ. ಮಿಂಚು ಕಂಡ ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರವಿದೆ. ಬೋಳುಗುಡ್ಡದಿಂದಲೂ ಒಂಟಿ ಮರದ ಬುಡದಿಂದಲೂ ಇಳಿದು ಪಕ್ಕಾ ಕಟ್ಟಡದೊಳಗೆ ಹೋಗಿ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಕಳಿಸಬೇಡಿ.

ದೂರು ಯಾವಾಗ, ಹೇಗೆ

ಫೋನ್, ಸಿಮ್, ಮನೆ ಈ ಮೂರೂ ಸರಿಯಿವೆ ಎಂದು ಗೊತ್ತಾದ ಮೇಲೆ ಕಂಪನಿಯ ದೂರು ಸಂಖ್ಯೆ 198ಕ್ಕೆ ಕರೆ ಮಾಡಿ. ‘ರೇಂಜ್ ಬರುವುದಿಲ್ಲ’ ಎಂದಷ್ಟೇ ಹೇಳಿದರೆ ‘ಫೋನ್ ರೀಸ್ಟಾರ್ಟ್ ಮಾಡಿ’ ಎಂಬ ಉತ್ತರ ಬರುತ್ತದೆ. ನಮ್ಮ ಊರಿನಿಂದ ಮೂರು ಸಲ ಹಾಗೆಯೇ ಆಯಿತು. ನಾಲ್ಕನೆಯ ಸಲ ಊರಿನ ಹನ್ನೊಂದು ಮನೆಗಳ ಅಂಗಳದ ಅಂಕಿ, ದಿನಾಂಕ, ಹೊತ್ತು, ಮ್ಯಾಪಿನಿಂದ ತೆಗೆದ ಅಕ್ಷಾಂಶ ರೇಖಾಂಶ, ಕರೆಂಟು ಹೋದ ಮೇಲೆ ಎಷ್ಟು ನಿಮಿಷಕ್ಕೆ ಸಿಗ್ನಲ್ ಹೋಯಿತೆಂಬ ಲೆಕ್ಕ ಎಲ್ಲವನ್ನೂ ಒಂದೇ ಪತ್ರದಲ್ಲಿ ಹಾಕಿ ಕಳಿಸಿದೆವು. ಅದಾದ ಮೇಲೆ ಟವರಿನ ಬ್ಯಾಟರಿ ಬದಲಾಯಿತು.

ದೂರು ಕೊಟ್ಟ ಕೂಡಲೇ ಬರುವ ಡಾಕೆಟ್ ಸಂಖ್ಯೆಯನ್ನು, ಅಂದರೆ ದೂರಿನ ಗುರುತು ಸಂಖ್ಯೆಯನ್ನು, ಬರೆದಿಡಿ. ಅವಧಿಯೊಳಗೆ ಪರಿಹಾರ ಸಿಗದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಮೂವತ್ತು ದಿನದೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು, ಅದಕ್ಕೆ ಶುಲ್ಕವಿಲ್ಲ. ಅಲ್ಲಿಯೂ ಆಗದಿದ್ದರೆ ದೂರಸಂಪರ್ಕ ಇಲಾಖೆಯ ಸಾರ್ವಜನಿಕ ಕುಂದುಕೊರತೆ ವಿಭಾಗದ ಸಂಖ್ಯೆ 1063.

ಹೊಸ ಟವರಿಗಾಗಿ ಊರು ಓಡಾಡುತ್ತಿರುವ ಸುದ್ದಿ ಹೊರಬಿದ್ದ ಮೇಲೆ ‘ನಿಮ್ಮ ಜಾಗದಲ್ಲಿ ಟವರ್ ಹಾಕುತ್ತೇವೆ, ತಿಂಗಳಿಗೆ ಇಷ್ಟು ಬಾಡಿಗೆ, ಮೊದಲು ನೋಂದಣಿ ಶುಲ್ಕ ಕಟ್ಟಿ’ ಎಂಬ ಕರೆಗಳು ಬಂದರೆ ಅದು ಮೋಸ. ಟ್ರಾಯ್ ಆಗಲಿ ದೂರಸಂಪರ್ಕ ಇಲಾಖೆಯಾಗಲಿ ಟವರಿಗಾಗಿ ಜಾಗದವರಿಂದ ಹಣ ಕೇಳುವುದಿಲ್ಲ, ನಿರಾಕ್ಷೇಪಣಾ ಪತ್ರವನ್ನೂ ಕೊಡುವುದಿಲ್ಲ.

ದೂರಿನ ಮೇಲೆ ಕಂಪನಿಯ ತಂತ್ರಜ್ಞರು ಬಂದಾಗ ರಸ್ತೆಯಲ್ಲಿಯೇ ಮಾತನಾಡಿ ಕಳಿಸಬೇಡಿ. ಮನೆಯೊಳಗೆ, ಅಂಗಳಕ್ಕೆ, ನೀವು ಅಳೆದ ಪ್ರತಿ ಜಾಗಕ್ಕೂ ಕರೆದುಕೊಂಡು ಹೋಗಿ, ಅವರ ಕೈಯ ಫೋನಿನಲ್ಲಿ ಬಂದ ಅಂಕಿಯನ್ನು ನಿಮ್ಮ ಅಂಕಿಯ ಪಕ್ಕದಲ್ಲಿ ಬರೆಸಿ, ಹಾಳೆಯ ಕೆಳಗೆ ದಿನಾಂಕ ಹಾಕಿಸಿಕೊಳ್ಳಿ.